ಕ್ಷಮೆಯ ಪುಸ್ತಕಕ್ಕೆ ಒಂದು ಪುಟ ಕಡಿಮೆ

ನಮ್ಮ ಅಕ್ಕ ನನ್ನ ಜೊತೆ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಅವಳಿರುವುದು ಅಜ್ಜಂಪುರದಲ್ಲಿ, ನಾನಿರುವುದು ಕಡೂರಿನಲ್ಲಿ. ಬೀರೂರಿನಲ್ಲಿ ಇಳಿದು ಒಂದು ಬಸ್ಸು ಬದಲಾಯಿಸಿದರೆ ಮುಗಿಯಿತು, ಅಷ್ಟೇ ದೂರ. ಆದರೂ ಅವಳ ಮನೆಯ ಸುದ್ದಿ ನನಗೆ, ನನ್ನ ಮನೆಯ ಸುದ್ದಿ ಅವಳಿಗೆ ಮೂರನೆಯವರ ಬಾಯಿಂದಲೇ ಬರಬೇಕು. ನನಗೆ ಕಣ್ಣಿನ ಪೊರೆಯ ಆಪರೇಷನ್ ಆದಾಗ ಯಾರದೋ ಕೈಯಲ್ಲಿ ಆರು ಎಳನೀರು ಕಳಿಸಿದಳು. ಜೊತೆಗೆ ಒಂದು ಮಾತು ಮಾತ್ರ ಕಳಿಸಲಿಲ್ಲ.

ಇದಕ್ಕೆಲ್ಲ ಕಾರಣ ಒಂದು ಕಬ್ಬಿಣದ ಅಚ್ಚು ಎಂದು ನಾನು ನಂಬಿದ್ದೆ. ಕ್ರಿಸ್‌ಮಸ್ಸಿಗೆ ಗುಲಾಬಿ ಹೂವಿನ ಆಕಾರದ ತಿಂಡಿ ಕರಿಯುತ್ತೇವಲ್ಲ, ಹಿಟ್ಟಿನಲ್ಲಿ ಅದ್ದಿ ಕಾದ ಎಣ್ಣೆಗೆ ಇಳಿಸುವ ಉದ್ದ ಹಿಡಿಯ ಅಚ್ಚು, ಅದು. ನಮ್ಮ ಅವ್ವನದು. ಹೊಸ ಅಚ್ಚಿಗೆ ಹಿಟ್ಟು ಕಚ್ಚಿಕೊಂಡು ಪ್ರಾಣ ಹಿಂಡುತ್ತದೆ. ಅವ್ವನ ಅಚ್ಚಿನಿಂದ ಹೂವು ತಾನೇ ಜಾರಿ ಎಣ್ಣೆಗೆ ಬೀಳುತ್ತಿತ್ತು. ಅವ್ವ ಕೊನೆಯವರೆಗೂ ಇದ್ದದ್ದು ಅಕ್ಕನ ಮನೆಯಲ್ಲಿ. ಅವ್ವನನ್ನು ಮಣ್ಣು ಮಾಡಿದ ಮೂರನೆಯ ದಿನ ಆ ಅಡುಗೆಮನೆಯ ಮೊಳೆಯಿಂದ ಅಚ್ಚನ್ನು ತೆಗೆದು ನನ್ನ ಬ್ಯಾಗಿಗೆ ಹಾಕಿಕೊಂಡೆ. ಕೇಳಲಿಲ್ಲ. ಅಕ್ಕ ನೋಡಿದಳು, ಏನೂ ಹೇಳಲಿಲ್ಲ. ಆಮೇಲೆ ಅವಳು ಏನನ್ನೂ ಹೇಳಲೇ ಇಲ್ಲ.

ನಾನು ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಕೆಂಪು ಪೆನ್ನು ಹಿಡಿದು ಪಳಗಿದ ಕೈ ಸುಮ್ಮನಿರುವುದಿಲ್ಲ. ಮನೆಗೆ ಮದುವೆಯ ಕರೆಯೋಲೆ ಬಂದರೆ ಮೊದಲು ಅದನ್ನು ತಿದ್ದುತ್ತೇನೆ, ಆಮೇಲೆ ಮದುವೆಗೆ ಹೋಗುತ್ತೇನೆ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಸಮಾಧಿ ಆರಾಧನೆಯಲ್ಲಿ ಅವರ ಜೀವಿತ ಚರಿತ್ರೆಯನ್ನು ಮನೆಯವರು ಬರೆದು ಓದುವ ಪದ್ಧತಿ ಇದೆ. ಅವ್ವನದನ್ನು ಅಕ್ಕ ನಾಲ್ಕು ಹಾಳೆ ಬರೆದಿದ್ದಳು. ನಾನು ಅದನ್ನು ಒಂದು ಹಾಳೆಗೆ ಇಳಿಸಿ ನಾನೇ ಓದಿದೆ. ಬಹಳ ಚೊಕ್ಕವಾಗಿತ್ತು ಎಂದು ಎಲ್ಲರೂ ಹೊಗಳಿದ್ದರು.

ಈ ಕೀರ್ತಿಯೇ ನಮ್ಮ ಅಯ್ಯನವರನ್ನು ನನ್ನ ಮನೆಗೆ ಕರೆತಂದದ್ದು. ಚರ್ಚಿನ ಸಭಾಪಾಲಕರನ್ನು ನಾವು ಅಯ್ಯನವರು ಎನ್ನುತ್ತೇವೆ. ಈಗಿರುವವರು ಹರೆಯದವರು, ಹುರುಪಿನವರು. ಒಂದೇ ಬೈಕಿನಲ್ಲಿ ಮೂರು ಸಭೆ ನೋಡಿಕೊಳ್ಳುತ್ತಾರೆ: ಭಾನುವಾರ ಬೆಳಿಗ್ಗೆ ಕಡೂರು, ಬಿಸಿಲೇರಿದ ಮೇಲೆ ತರೀಕೆರೆ, ಸಂಜೆ ಅಜ್ಜಂಪುರ. ಮೂರೂ ಸಭೆ ಸೇರಿದರೆ ಎರಡು ಬಸ್ಸು ತುಂಬುವಷ್ಟು ಜನ ಇಲ್ಲ. ಅಷ್ಟು ಜನರಿಂದಲೇ ಬರೆಸಿ, ಲೆಂಟ್ ಎಂಬ ಉಪವಾಸ ಕಾಲದ ನಲವತ್ತು ದಿನಕ್ಕೆ ನಲವತ್ತು ಪುಟದ ಧ್ಯಾನದ ಪುಸ್ತಕ ಮಾಡಬೇಕು ಎಂಬುದು ಅವರ ಆಸೆ. ದಿನಕ್ಕೊಂದು ಪುಟ, ಮೇಲೊಂದು ಬೈಬಲ್ ವಾಕ್ಯ, ನಡುವೆ ಧ್ಯಾನ, ಕೆಳಗೆ ಪ್ರಾರ್ಥನೆ. ಬೂದಿ ಬುಧವಾರದಿಂದ ಶುರು, ಭಾನುವಾರಗಳು ಲೆಕ್ಕಕ್ಕಿಲ್ಲ, ಈಸ್ಟರ್ ಹಿಂದಿನ ಪವಿತ್ರ ಶನಿವಾರಕ್ಕೆ ಮುಕ್ತಾಯ. ಎಲ್ಲ ಪುಟಕ್ಕೂ ಒಂದೇ ವಿಷಯ ಇರಬೇಕು, ಸಂಪಾದಕಿ ನಾನಾಗಬೇಕು.

ಅವರು ತಂದಿದ್ದ ವಿಷಯ 'ಬೆಳಕು'. ಒಳ್ಳೆಯ ವಿಷಯ, ಯಾರಿಗೂ ನೋವಾಗದ ವಿಷಯ. ನಾನೇ ಬೇಡ ಎಂದೆ. 'ಕ್ಷಮೆ' ಇಡಿ ಎಂದೆ. ಅವರಿಗೆ ರೋಮಾಂಚನವಾಯಿತು, ಟೀಚರಮ್ಮನ ಆತ್ಮಿಕ ಆಳ ಎಷ್ಟು ಎಂದುಕೊಂಡರು. ಆಳವೂ ಇಲ್ಲ, ಗೀಳವೂ ಇಲ್ಲ. ಅಜ್ಜಂಪುರದಿಂದ ಯಾರು ಬರೆಯಬೇಕೆಂದರೆ ಎಲ್ಲರೂ ಬಾಯಿ ತುಂಬ ಹೇಳುವ ಹೆಸರು ನಮ್ಮ ಅಕ್ಕನದೊಂದೇ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ಅರ್ಧ ಊರಿನ ಹೆರಿಗೆ ಮಾಡಿಸಿದವಳು. ಅವಳನ್ನು ಕೇಳಿಯೇ ಕೇಳುತ್ತಾರೆ. ಕ್ಷಮೆಯ ಮೇಲೆ ಬರೆ ಎಂದರೆ, ಎಲ್ಲಿ ಸುತ್ತಿದರೂ ಅವಳು ಅಚ್ಚಿಗೇ ಬರಬೇಕು. 'ನನ್ನ ತಂಗಿಯನ್ನು ಕ್ಷಮಿಸಿದ್ದೇನೆ' ಎಂದು ಒಂದು ಸಾಲು ಬರೆದರೆ ಸಾಕು, ನಾನು ಅದನ್ನು ಅಚ್ಚು ಹಾಕಿಸಿ ಅವಳ ಮನೆಗೆ ಹೋಗಬಹುದು. ನಾನಾಗಿ ಹೋಗಿ ತಪ್ಪಾಯಿತು ಎನ್ನುವ ಧೈರ್ಯವಿಲ್ಲದೆ ಮೂರು ಊರನ್ನು ಕ್ಷಮೆಗೆ ದೂಡಿದೆ. ಕೊನೆಯ ದಿನದ ಪುಟವನ್ನು, ಪವಿತ್ರ ಶನಿವಾರದ್ದನ್ನು, ಅವಳಿಗೆಂದು ತೆಗೆದಿಟ್ಟೆ.

ಅಯ್ಯನವರು ಮೂರೂ ಸಭೆಯಲ್ಲಿ ಪ್ರಕಟಣೆ ಮಾಡಿದರು. ಅಲ್ಲೇ ಎಡವಟ್ಟಾದದ್ದು. ಸ್ವಂತ ಅನುಭವದಿಂದ ಬರೆಯಿರಿ ಎಂದುಬಿಟ್ಟರು.

ಮೊದಲ ಪುಟ ನಾಲ್ಕೇ ದಿನಕ್ಕೆ ಬಂತು. ಬರೆದವರು ಕಡೂರಿನ ನಿವೃತ್ತ ರೈಲ್ವೆ ನೌಕರರು. "ಇಪ್ಪತ್ತು ವರ್ಷದಿಂದ ನಾನು ಕೂರುವ ಮೂರನೆಯ ಬೆಂಚಿನ ಕಿಟಕಿ ಪಕ್ಕದ ಜಾಗದಲ್ಲಿ, ಬೇಕೆಂದೇ ಹತ್ತು ನಿಮಿಷ ಮೊದಲು ಬಂದು ಕೂರುವ, ಕಂದು ಸ್ವೆಟರಿನ, ಮೊಬೈಲ್ ಅಂಗಡಿಯ ಹಿಂದಿನ ಮನೆಯ ಸಹೋದರರನ್ನು ನಾನು ಹೃದಯಪೂರ್ವಕವಾಗಿ ಕ್ಷಮಿಸಿದ್ದೇನೆ" ಎಂದು ಧ್ಯಾನ. ಇನ್ನು ಮುಂದಾದರೂ ಅವರು ನಾಲ್ಕನೆಯ ಬೆಂಚಿಗೆ ಹೋಗುವಂತೆ ಕರ್ತನು ಪ್ರೇರೇಪಿಸಲಿ ಎಂದು ಕೆಳಗೆ ಪ್ರಾರ್ಥನೆ.

ಎರಡನೆಯದು ತರೀಕೆರೆಯಿಂದ. ಯಾವುದೋ ಈಸ್ಟರಿಗೆ ಅವರ ಹಾರ್ಮೋನಿಯಂ ಅಜ್ಜಂಪುರಕ್ಕೆ ಎರವಲು ಹೋಗಿ, ಒಂದು ಸ್ವರದ ಮನೆ ಉಸಿರು ಕಟ್ಟಿಕೊಂಡು ವಾಪಸು ಬಂದಿತ್ತಂತೆ. ಆ ಸಭೆಯನ್ನು ಸಾಮೂಹಿಕವಾಗಿ ಕ್ಷಮಿಸಲಾಗಿತ್ತು. ಮೂರನೆಯದು ತರೀಕೆರೆಯದೇ ಒಬ್ಬ ಸಹೋದರಿಯದು. ಎಷ್ಟು ಸಲ ಕ್ಷಮಿಸಬೇಕು ಎಂದು ಶಿಷ್ಯ ಕೇಳಿದಾಗ ಯೇಸುಸ್ವಾಮಿ ಏಳೆಪ್ಪತ್ತು ಸಲ ಎಂದರಲ್ಲ, ಆ ವಾಕ್ಯವನ್ನು ಈಕೆ ಗುಣಿಸಿ ನಾನೂರ ತೊಂಬತ್ತು ಎಂದು ತೆಗೆದು, ತನ್ನ ಓರಗಿತ್ತಿಯನ್ನು ಕ್ಷಮಿಸಿದ್ದನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತ ಬಂದಿದ್ದರು. ಮುನ್ನೂರ ಹನ್ನೊಂದಾಗಿತ್ತು. ಇನ್ನು ನೂರ ಎಪ್ಪತ್ತೊಂಬತ್ತು ಮುಗಿದರೆ ತಾನು ಸ್ವತಂತ್ರಳು ಎಂಬ ಧಾಟಿಯಲ್ಲಿ ಧ್ಯಾನ ಮುಗಿದಿತ್ತು.

ಕೆಂಪು ಪೆನ್ನು ತೆಗೆದೆ. ಸ್ವೆಟರು, ಅಂಗಡಿ, ಓರಗಿತ್ತಿ, ಹಾರ್ಮೋನಿಯಂ ಎಲ್ಲಕ್ಕೂ ಗೆರೆ ಎಳೆದು, 'ಒಬ್ಬ ಸಹೋದರ', 'ಒಬ್ಬ ಸಹೋದರಿ', 'ಒಂದು ವಸ್ತು' ಎಂದು ಮಾಡಿದೆ. ಗುರುತು ಸಿಗದಿದ್ದರೆ ಗಲಾಟೆ ಇರುವುದಿಲ್ಲ ಎಂದುಕೊಂಡೆ. ಶುದ್ಧ ಪೆದ್ದುತನ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ಮೂವತ್ತೆರಡು ವರ್ಷ ಮಕ್ಕಳಿಂದ ವಿಸ್ತರಿಸಿ ಬರೆಸಿದವಳಿಗೆ ಅದು ತಲೆಗೆ ಹೋಗಲಿಲ್ಲ.

ಪುಸ್ತಕ ಅಚ್ಚಿಗೆ ಕೊಟ್ಟದ್ದು ಕಡೂರಿನ ಒಂದು ಪ್ರೆಸ್ಸಿಗೆ. ಮಾಲೀಕರು ದೇವನೂರು ಕಡೆಯ ರೈತರ ಮನೆತನದವರು, ತೆಂಗಿನ ತೋಟ ಇರುವವರು, ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ ಇಲ್ಲದೆ ಕಂಪ್ಯೂಟರ್ ಆನ್ ಮಾಡದವರು. ಮದುವೆ, ಗೃಹಪ್ರವೇಶ, ವೈಕುಂಠ ಸಮಾರಾಧನೆಯ ಪತ್ರಿಕೆ ಬಿಟ್ಟರೆ ಅವರು ಬೇರೇನೂ ಹೆಚ್ಚಾಗಿ ಅಚ್ಚು ಹಾಕಿದವರಲ್ಲ. ಅವರಿಗೆ ಜೋರಾಗಿ ಓದಿಕೊಂಡು ಟೈಪ್ ಮಾಡುವ ಅಭ್ಯಾಸ. ಪಕ್ಕದಲ್ಲಿ ಟೀ ಅಂಗಡಿ. ವಾರದೊಳಗೆ ನಮ್ಮ ಕ್ಷಮೆಗಳೆಲ್ಲ ಬಸ್ ಸ್ಟ್ಯಾಂಡ್ ತಲುಪಿದವು.

'ಒಬ್ಬ ಸಹೋದರ' ನಾನೇ ಎಂದು ಐದು ಜನ ಬಂದರು. ಬೆಂಚಿನ ವಿಷಯದಲ್ಲಿ ಮೂವರು ತಮ್ಮ ಮೇಲೆಯೇ ಬರೆದದ್ದೆಂದು ಸಿಟ್ಟಾದರು. ಅದರಲ್ಲಿ ಒಬ್ಬರು ಮೊದಲಿನಿಂದಲೂ ನಿಂತೇ ಆರಾಧನೆ ಮಾಡುವವರು. ಎಲ್ಲರದೂ ಒಂದೇ ಬೇಡಿಕೆ, ತಮಗೂ ಒಂದು ಪುಟ ಬೇಕು, ಬರೆದವರನ್ನು ತಾವೂ ಕ್ಷಮಿಸಬೇಕು. ಅಜ್ಜಂಪುರದಿಂದ ಮರುಪುಟ ಬಂತು: ಹಾರ್ಮೋನಿಯಂ ಬರುವಾಗಲೇ ಕೆಟ್ಟಿತ್ತು, ಈ ಅಪವಾದವನ್ನು ನಾವು ಕ್ಷಮಿಸಿದ್ದೇವೆ. ಓರಗಿತ್ತಿಯಿಂದಲೂ ಬಂತು. ಆಕೆ ಲೆಕ್ಕ ಇಟ್ಟಿರಲಿಲ್ಲ, ಆದರೆ ಲೆಕ್ಕ ಇಟ್ಟವರನ್ನು ಕ್ಷಮಿಸಿದ್ದರು. ಹದಿನೈದು ಪುಟ ಸಿಕ್ಕರೆ ಪುಣ್ಯ ಎಂದುಕೊಂಡಿದ್ದ ಪುಸ್ತಕಕ್ಕೆ ಐವತ್ತರ ಮೇಲೆ ಬಂದವು. ಕ್ಷಮೆಯ ಬಗ್ಗೆ ನಮ್ಮ ಜನಕ್ಕೆ ಇಷ್ಟೊಂದು ದಾಹ ಇತ್ತೆಂದು ಅಯ್ಯನವರು ಕಣ್ಣು ಒದ್ದೆ ಮಾಡಿಕೊಂಡರು. ಇದು ಸಭೆಯ ಪುನರುಜ್ಜೀವನ ಟೀಚರಮ್ಮ ಎಂದರು. ನನಗೆ ಇದು ಗ್ರಾಮ ಪಂಚಾಯಿತಿ ಚುನಾವಣೆಯ ಹಾಗೆ ಕಂಡಿತು.

ಇದರ ಮಧ್ಯೆ, ಬಂದದ್ದರಲ್ಲಿ ಮೂವತ್ತೊಂಬತ್ತನ್ನು ಆರಿಸಿ ದಿನ ಹಂಚುವ ಕೆಲಸ. ಶುಭ ಶುಕ್ರವಾರದ ಪುಟಕ್ಕೆ ಏಳು ಜನರ ಪೈಪೋಟಿ. ನಾನೂರ ತೊಂಬತ್ತರ ಸಹೋದರಿ ಫೋನು ಮಾಡಿ, ದನಿ ತಗ್ಗಿಸಿ, ತನ್ನ ಪುಟ ಅಮಾವಾಸ್ಯೆಗೆ ಬರುವುದಿಲ್ಲ ತಾನೇ ಎಂದು ವಿಚಾರಿಸಿದರು. ನಂಬಿಕೆ ಏನಿಲ್ಲ, ಸುಮ್ಮನೆ ಕೇಳಿದ್ದು ಎಂದರು. ಸುಮ್ಮನೆ ಕೇಳಿದವರು ಒಟ್ಟು ಎಂಟು ಜನ. ಕೊನೆಗೆ ಪ್ರೆಸ್ಸಿನವರೇ ಗೋಡೆಯ ಪಂಚಾಂಗ ಇಳಿಸಿಕೊಂಡು ಕೂತು, ನಮ್ಮ ಲೆಂಟ್ ಕಾಲಕ್ಕೆ ತಿಥಿ ನಕ್ಷತ್ರ ನೋಡಿ ಎಲ್ಲರನ್ನೂ ಕ್ಷೇಮವಾಗಿ ಕೂರಿಸಿಕೊಟ್ಟರು. ಅಮಾವಾಸ್ಯೆಯ ಪುಟ ಅಯ್ಯನವರಿಗೇ ಹೋಯಿತು. ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಒಂದು ಮಧ್ಯಾಹ್ನ ಕಡೂರು ಸಭೆಯ ಹಿರಿಯರು ಮನೆಗೆ ಬಂದರು. ಮೂವತ್ತು ವರ್ಷದಿಂದ ಹಿರಿಯರಾಗಿದ್ದವರು, ಗಂಟೆ ಹೊಡೆಯುವುದರಿಂದ ಹಿಡಿದು ಯಾರ ಮದುವೆ ಯಾರ ಜೊತೆ ಎನ್ನುವ ತನಕ ಅವರ ಮಾತೇ ನಡೆಯಬೇಕು. ಮುಖ ಊದಿಸಿಕೊಂಡಿದ್ದರು. ನಾನು ಕಾಫಿ ಕೊಟ್ಟೆ. ಲೋಟ ಕೆಳಗಿಟ್ಟು ಕೇಳಿದರು.

"ಟೀಚರಮ್ಮ, ಐವತ್ತು ಪುಟ ಬಂದವಂತೆ. ಒಂದ್ರಲ್ಲೂ ನಾನಿಲ್ವಂತೆ."

ಅದು ನಿಮ್ಮ ಒಳ್ಳೆಯತನ, ಯಾರಿಗೂ ನೀವು ನೋವು ಮಾಡಿಲ್ಲ ಎಂದೆ. ಅದು ಇನ್ನೂ ಚುಚ್ಚಿತು.

"ಮೂವತ್ತು ವರ್ಷ ಹಿರಿಯನಾಗಿದ್ದು ಒಬ್ರಿಗೂ ನೋವು ಮಾಡಿಲ್ಲ ಅಂದ್ರೆ ಜನ ಏನ್ ತಿಳ್ಕಂತಾರೆ? ನಾನೇನು ಲೆಕ್ಕಕ್ಕಿಲ್ದೋನಾ?"

ಅವರಿಗೆ ಶನಿವಾರದ ಪುಟ ಬೇಕಿತ್ತು. ತಾವು ನೋಯಿಸಿದ್ದವರ ಪಟ್ಟಿಯನ್ನು ಬರೆದುಕೊಂಡೇ ಬಂದಿದ್ದರು, ಮೂವತ್ತೆಂಟು ಹೆಸರು. ಆ ಪುಟ ಕೊಟ್ಟಾಗಿದೆ ಎಂದೆ. ಯಾರಿಗೆ ಎಂದರು. ಲೋಟ ಎತ್ತಿಕೊಂಡು ಒಳಗೆ ಹೋದೆ.

ಕೊಟ್ಟದ್ದೇನೋ ಹೌದು, ಬಂದಿರಲಿಲ್ಲ. ಅಯ್ಯನವರು ಪ್ರತಿ ಭಾನುವಾರ ಅಜ್ಜಂಪುರದ ಆರಾಧನೆ ಮುಗಿಸಿ ನಮ್ಮ ಮನೆಯ ಮುಂದೆ ಬೈಕು ನಿಲ್ಲಿಸುವರು. ಹೆಲ್ಮೆಟ್ ತೆಗೆಯುವ ಮೊದಲೇ ನಾನು, ಅಕ್ಕ ಕೊಟ್ಟರಾ ಎನ್ನುತ್ತಿದ್ದೆ. ಮೊದಲ ವಾರ ನೋಡೋಣ ಅಂದರಂತೆ. ಎರಡನೆಯ ವಾರ ಪುಟದ ಬದಲು ಹುಣಸೆಹಣ್ಣು ಕಳಿಸಿದ್ದಳು. ಮೂರನೆಯ ವಾರ ಅಯ್ಯನವರು ಸ್ವಲ್ಪ ಗೊಂದಲದಲ್ಲಿದ್ದರು.

"ಬರ್ದಿದ್ದನ್ನ ತಿದ್ದೋರು ಯಾರು ಅಂತ ಕೇಳಿದ್ರು. ನೀವೇ ಅಂದೆ. ನಕ್ಕರು."

"ಹೆಂಗೆ ನಕ್ಕರು?"

ಅವರು ಹೆಲ್ಮೆಟ್ ಹಾಕಿಕೊಂಡರು. ದೇವಶಾಸ್ತ್ರದ ಕಾಲೇಜಿನಲ್ಲಿ ನಮ್ಮ ಅಕ್ಕನ ನಗುವನ್ನು ಕಲಿಸುವುದಿಲ್ಲ. ಆ ವಾರ ನಾನು ಎರಡು ಸಲ ಅಚ್ಚನ್ನು ಹೊರಗೆ ತೆಗೆದು, ಹುಣಸೆಹಣ್ಣು ಹಾಕಿ ತಿಕ್ಕಿ, ಎಣ್ಣೆ ಸವರಿ ಇಟ್ಟೆ. ಒಂಬತ್ತು ವರ್ಷದಲ್ಲಿ ಒಂದು ಸಲವೂ ಅದರಲ್ಲಿ ಹೂವು ಮಾಡಿರಲಿಲ್ಲ. ಮನಸ್ಸು ಬಂದಿರಲಿಲ್ಲ.

ಪ್ರೆಸ್ಸಿನಿಂದ ಮೊದಲ ಪ್ರೂಫ್ ಬಂತು. ತೆಗೆದು ನೋಡಿ ಕುರ್ಚಿ ಎಳೆದುಕೊಂಡು ಕೂತೆ. ಪ್ರತಿ ಪುಟದ ನೆತ್ತಿಯಲ್ಲಿ, ಸಣ್ಣ ಅಕ್ಷರದಲ್ಲಿ, 'ಶ್ರೀ ಯೇಸುಸ್ವಾಮಿ ಪ್ರಸನ್ನ'. ಪ್ರತಿ ಪುಟದ ಬುಡದಲ್ಲಿ, ಪ್ರಾರ್ಥನೆಗೂ ಬರೆದವರ ಹೆಸರಿಗೂ ಮಧ್ಯೆ, 'ತಮ್ಮ ಸುಖಾಗಮನವನ್ನು ಬಯಸುವ'. ಕಂದು ಸ್ವೆಟರಿನವರನ್ನು ಬೆಂಚಿನಿಂದ ಎಬ್ಬಿಸಲು ಪ್ರಾರ್ಥಿಸಿದ ರೈಲ್ವೆಯವರು ಕೊನೆಗೆ ಅವರ ಸುಖಾಗಮನವನ್ನೂ ಬಯಸಿದ್ದರು.

ಪ್ರೆಸ್ಸಿಗೆ ಹೋಗಿ ಜಗಳ ಆಡಿದೆ. ಅವರು ಒಂದಿಷ್ಟೂ ವಿಚಲಿತರಾಗಲಿಲ್ಲ. ದೇವರ ಹೆಸರಿಲ್ಲದೆ ಅವರ ಮಿಷನ್ನಿನಿಂದ ಇದುವರೆಗೆ ಒಂದು ಹಾಳೆಯೂ ಹೊರಗೆ ಹೋಗಿಲ್ಲವಂತೆ. ನಿಮ್ಮ ದೇವರಿಗೆ ಮರ್ಯಾದೆ ಕೊಟ್ಟದ್ದು ತಪ್ಪೇ ಎಂದರು. ಕೆಳಗಿನ ಸಾಲೋ, ಹೆಸರಿನ ಮೇಲೆ ಅದಿಲ್ಲದಿದ್ದರೆ ಬೋಳು ಕಾಣುತ್ತದೆ ಎಂದರು. ಮೂವತ್ತೊಂಬತ್ತು ಪುಟದಲ್ಲೂ ನಾನು ಗೆರೆ ಎಳೆದು ಕೊಟ್ಟೆ. ಅವರು ಒಂದೊಂದಾಗಿ ತೆಗೆದರು, ಮಗುವಿನ ಮೈಮೇಲಿನ ಒಡವೆ ಬಿಚ್ಚಿದ ಹಾಗೆ ಸಂಕಟಪಟ್ಟುಕೊಂಡು. ಮೂವತ್ತೊಂಬತ್ತೇ ಇತ್ತು. ಗುರುವಾರದೊಳಗೆ ನಲವತ್ತನೆಯದು ಬರಬೇಕು, ಆಮೇಲೆ ಮದುವೆ ಸೀಸನ್ನು, ಮಿಷನ್ ಖಾಲಿ ಇರುವುದಿಲ್ಲ ಎಂದರು. ಗುರುವಾರಕ್ಕೆ ಬರದಿದ್ದರೆ ಹಿರಿಯರ ಪಟ್ಟಿ ಹಾಕಿಬಿಡೋಣ ಎಂದು ಅಯ್ಯನವರೂ ಹೇಳಿದರು. ನಾನು ಹೂಂ ಎಂದೆ. ಮನಸ್ಸಿನಲ್ಲಿ ಅಕ್ಕನನ್ನು ಬೈದೆ. ಒಂದು ಕಬ್ಬಿಣದ ತುಂಡಿಗೆ ಇಷ್ಟು ವರ್ಷ ಹಠ ಹಿಡಿಯುವ ಹೆಂಗಸು ದಿನಾ ಯಾವ ಬಾಯಲ್ಲಿ ಪ್ರಾರ್ಥನೆ ಮಾಡುತ್ತಾಳೋ ಎಂದುಕೊಂಡೆ.

ಬುಧವಾರ ಅಯ್ಯನವರು ಬಂದು ಒಂದು ದಪ್ಪ ಕವರು ಕೊಟ್ಟು ಹೋದರು. ಅಕ್ಕನ ಅಕ್ಷರ.

ಒಳಗೆ ನಾಲ್ಕು ಹಾಳೆ. ಅಂಚು ಹಳದಿಯಾಗಿದ್ದವು. ಮೇಲೊಂದು ಹೊಸ ಚೀಟಿ ಪಿನ್ನು ಮಾಡಿತ್ತು: 'ಪವಿತ್ರ ಶನಿವಾರಕ್ಕೆ. ಇದನ್ನು ನೀನು ತಿದ್ದಿ ಆಗಿದೆ. ಇನ್ನೊಂದು ಸಲ ತಿದ್ದಬೇಡ.'

ಅದು ಅವ್ವನ ಜೀವಿತ ಚರಿತ್ರೆ. ಅಕ್ಕ ಬರೆದಿದ್ದ ಆ ನಾಲ್ಕು ಹಾಳೆ. ನೀಲಿ ಇಂಕಿನಲ್ಲಿ ಅವಳ ದುಂಡಗಿನ ಬರಹ, ಅದರ ಮೇಲೆ ಅಡ್ಡಡ್ಡ ನನ್ನ ಕೆಂಪು ಗೆರೆಗಳು. ಒಂಬತ್ತು ವರ್ಷ ಇದನ್ನು ಇಟ್ಟುಕೊಂಡಿದ್ದಳು. ಮೊದಲ ಹಾಳೆಯಲ್ಲಿ ಅವ್ವ ಹುಟ್ಟಿದ್ದು, ಹಾಸ್ಟೆಲಿನಲ್ಲಿ ಅಡುಗೆ ಮಾಡಿ ನಮ್ಮಿಬ್ಬರನ್ನು ಓದಿಸಿದ್ದು. ಅದರಲ್ಲಿ ಗೆರೆ ಕಡಿಮೆ. ಮೂರನೆಯ ಹಾಳೆಯನ್ನು ಪೂರ್ತಿ ಹೊಡೆದು ಹಾಕಿದ್ದೆ. ಕೆಂಪಿನ ಕೆಳಗಿನ ನೀಲಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದೆ.

"ಕೊನೆಯ ಆರು ತಿಂಗಳು ಅವ್ವ ದಿನಾ ಸಂಜೆ ಜಗುಲಿಯ ಮೇಲೆ ಕೂರುತ್ತಿದ್ದಳು. ಬೀರೂರಿನ ಬಸ್ಸು ತಿರುವಿನಲ್ಲಿ ಹಾರನ್ ಮಾಡಿದರೆ, ಚಿಕ್ಕೋಳು ಬಂದ್ಲಾ ನೋಡು ಎನ್ನುತ್ತಿದ್ದಳು. ನಾನು ಹೋಗಿ ನೋಡಿ ಬಂದು, ನಾಳೆ ಬತ್ತಾಳಂತೆ ಅವ್ವ, ಫೋನ್ ಬಂದಿತ್ತು ಎನ್ನುತ್ತಿದ್ದೆ. ಫೋನ್ ಬಂದಿರುತ್ತಿರಲಿಲ್ಲ. ಪ್ರತಿ ದಿನ ಈ ಸುಳ್ಳು ಹೇಳಿದ್ದೇನೆ. ಸತ್ತ ದಿನವೂ ಹೇಳಿದೆ. ಅವ್ವ ನನ್ನನ್ನು ಕ್ಷಮಿಸಲಿ, ದೇವರೂ ಕ್ಷಮಿಸಲಿ. ಇದನ್ನು ಎಲ್ಲರ ಮುಂದೆ ಹೇಳಿದರೆ ನನ್ನ ಎದೆ ಹಗುರವಾಗುತ್ತದೆ."

ಪಕ್ಕದ ಅಂಚಿನಲ್ಲಿ ಕೆಂಪಿನಲ್ಲಿ, ಶಾಲೆಯ ಪ್ರಬಂಧದ ಪಕ್ಕ ಬರೆಯುವ ಹಾಗೆ, ನಾನು ಒಂದು ಪದ ಬರೆದಿದ್ದೆ. 'ಅನಗತ್ಯ'.

ಉದ್ದ ಆಯಿತೆಂದು ಕತ್ತರಿಸಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಅದು ಸುಳ್ಳು. ನೂರು ಜನರ ಮುಂದೆ ನನ್ನ ಮಾನ ಹೋಗುತ್ತದೆಂದು ಕತ್ತರಿಸಿದೆ. ಹತ್ತಿರವೇ ಇದೆಯಲ್ಲ, ಮುಂದಿನ ಭಾನುವಾರ ಹೋದರಾಯಿತು ಎಂದುಕೊಂಡೇ ಆ ಆರು ತಿಂಗಳಲ್ಲಿ ನಾನು ಹೋದದ್ದು ಎರಡು ಸಲ. ಹತ್ತಿರದವರೇ ದೂರವಾಗುವುದು ಹೀಗೆ. ಅಕ್ಕ ತನ್ನ ತಪ್ಪನ್ನು ಒಪ್ಪಿಕೊಳ್ಳಲು ಬರೆದ ಮಾತನ್ನು ನನ್ನ ತಪ್ಪು ಮುಚ್ಚಲು ಹೊಡೆದು ಹಾಕಿ, ಉಳಿದದ್ದನ್ನು ನಾನೇ ಎದ್ದು ನಿಂತು ಓದಿ ಹೊಗಳಿಸಿಕೊಂಡಿದ್ದೆ. ಅಚ್ಚಿನ ಜಗಳ ಎಂದು ನಾನು ಕಟ್ಟಿಕೊಂಡದ್ದು ನನಗೆ ಅನುಕೂಲವಾಗಿತ್ತು, ಅಷ್ಟೇ. ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ. ನಾಚಿಕೆಯಿಂದ ಅತ್ತೆ.

ಮರುದಿನ ಪ್ರೆಸ್ಸಿಗೆ ಹೋದೆ. ಮಾಲೀಕರು ಎಂದಿನಂತೆ ಜೋರಾಗಿ ಓದಲು ಶುರು ಮಾಡಿದವರು ಮೂರನೆಯ ಹಾಳೆಗೆ ಬಂದಾಗ ದನಿ ನಿಲ್ಲಿಸಿದರು. ಪೂರ್ತಿ ಮನಸ್ಸಿನಲ್ಲೇ ಓದಿದರು. ಆಮೇಲೆ ಕನ್ನಡಕ ಒರೆಸಿಕೊಂಡು, ಕೆಂಪು ಗೆರೆಯನ್ನೂ ಅಚ್ಚು ಹಾಕಬೇಕಾ, ಹಾಕುವುದಾದರೆ ಎರಡು ಕಲರ್ ಆಗುತ್ತದೆ ಎಂದರು. ಬೇಡ, ನೀಲಿಯಲ್ಲಿ ಇರುವುದಷ್ಟನ್ನೂ ಹಾಕಿ, ಒಂದಕ್ಷರ ಬಿಡಬೇಡಿ ಎಂದೆ. ದಿನಕ್ಕೊಂದೇ ಪುಟ ಅಂದಿದ್ದಿರಿ, ಇದು ನಾಲ್ಕಾಗುತ್ತದೆ ಎಂದರು. ನಾನು ಬರೆದಿದ್ದ ಮೂರು ಪುಟದ ಮುನ್ನುಡಿಯನ್ನು ತೆಗೆಸಿದೆ. ಕ್ಷಮೆಯ ಮಹತ್ವದ ಬಗ್ಗೆ ಬಹಳ ಚೊಕ್ಕವಾಗಿ ಬರೆದಿದ್ದೆ.

ಹಿರಿಯರ ಸಮಸ್ಯೆ ಉಳಿದಿತ್ತು. ರೈಲ್ವೆಯವರನ್ನು ಕಾಡಿ ಬೇಡಿ ಅವರ ಪುಟಕ್ಕೆ ಒಂದು ಸಾಲು ಸೇರಿಸುವಂತೆ ಮಾಡಿದೆ: ಕಣ್ಣೆದುರೇ ಬೆಂಚಿನ ಅನ್ಯಾಯ ನಡೆಯುತ್ತಿದ್ದರೂ ಕೇಳದೆ ಸುಮ್ಮನಿದ್ದ ಸಭೆಯ ಹಿರಿಯರನ್ನೂ ಕ್ಷಮಿಸಿದ್ದೇನೆ. ಹಿರಿಯರು ಅದನ್ನು ಎರಡು ಸಲ ಓದಿಸಿಕೊಂಡು ಸಮಾಧಾನವಾಗಿ ಹೋದರು. ಕಂದು ಸ್ವೆಟರಿನವರು ಮುಂದಿನ ಭಾನುವಾರ ನಾಲ್ಕನೆಯ ಬೆಂಚಿನಲ್ಲಿ ಕೂತರು. ರೈಲ್ವೆಯವರು ಕ್ಷಮೆ ಫಲಿಸಿದ ಖುಷಿಗೆ ಅವರ ಪಕ್ಕದಲ್ಲೇ ಹೋಗಿ ಕೂತರು. ಮೂರನೆಯ ಬೆಂಚು ಈಗ ಖಾಲಿ.

ನಾನು ಪ್ರೆಸ್ಸಿಗೆ ಹೋಗಿ ಬಂದ ಗುರುವಾರವೇ ಸಂಜೆ ಪವಿತ್ರ ಶನಿವಾರದ ಪುಟಗಳ ಪ್ರೂಫ್ ಕೈಗೆ ಬಂದಿತ್ತು. ಅಭ್ಯಾಸಬಲದಿಂದ ಕೆಂಪು ಪೆನ್ನಿನ ಮುಚ್ಚಳ ತೆಗೆದೇ ಓದಿದೆ. ಎಲ್ಲ ಸರಿಯಾಗಿತ್ತು. ಕೊನೆಯಲ್ಲಿ, ಅಕ್ಕನ ಹೆಸರಿನ ಮೇಲೆ, ಪ್ರೆಸ್ಸಿನವರ ಹಳೆಯ ಸಾಲು ಕೂತಿತ್ತು. ಬೇರೆ ಪುಟಗಳಲ್ಲಿ ತೆಗೆದದ್ದು, ಹೊಸದಾಗಿ ಕೂರಿಸಿದ ಇದರಲ್ಲಿ ಮತ್ತೆ ಬಂದುಬಿಟ್ಟಿತ್ತು. ಅವ್ವ ಜಗುಲಿಯ ಮೇಲೆ ಕೂತು ಬಸ್ಸಿನ ಹಾರನ್ನಿಗೆ ಕಿವಿಗೊಟ್ಟದ್ದು, ಅಕ್ಕ ದಿನಾ ಸುಳ್ಳು ಹೇಳಿದ್ದು, ಅದೆಲ್ಲ ಮುಗಿದ ಮೇಲೆ, 'ತಮ್ಮ ಸುಖಾಗಮನವನ್ನು ಬಯಸುವ'. ಪೆನ್ನನ್ನು ಅದರ ಮೇಲೆ ಇಟ್ಟೆ. ಎಳೆಯಲು ಕೈ ಬರಲಿಲ್ಲ. ಮುಚ್ಚಳ ಹಾಕಿ, ಸರಿಯಿದೆ, ಅಚ್ಚು ಹಾಕಿ ಎಂದೆ.

ಮೊದಲ ಪ್ರತಿ ಕೈಗೆ ಬಂದ ದಿನ, ಪುಸ್ತಕವನ್ನೂ ಅಚ್ಚನ್ನೂ ಒಂದೇ ಬ್ಯಾಗಿಗೆ ಹಾಕಿಕೊಂಡು ಬೀರೂರಿನಲ್ಲಿ ಬಸ್ಸು ಬದಲಾಯಿಸಿದೆ. ಅಜ್ಜಂಪುರದ ತಿರುವಿನಲ್ಲಿ ಡ್ರೈವರು ಹಾರನ್ ಮಾಡಿದ. ಆ ಶಬ್ದಕ್ಕೆ ನಾನು ಬಸ್ಸು ನಿಲ್ಲುವ ಮೊದಲೇ ಎದ್ದು ನಿಂತೆ.

ಅಕ್ಕ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದಳು, ಸುಲಿಯುವುದು ನಿಲ್ಲಿಸಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತು ಮೊದಲು ಅಚ್ಚನ್ನು ತೆಗೆದು ಮೊರದ ಪಕ್ಕ ಇಟ್ಟೆ.

"ಇದ್ಯಾಕೆ ಹೊತ್ಕಂಡ್ ಬಂದೆ? ಇದನ್ನ ಯಾರು ಕೇಳಿದ್ರು?" ಎಂದಳು. ಒಂಬತ್ತು ವರ್ಷದಲ್ಲಿ ಅವಳು ನನಗೆ ಆಡಿದ ಮೊದಲ ಮಾತು.

ಪುಸ್ತಕ ಕೊಟ್ಟೆ. ಅವಳು ಕೈ ಒರೆಸಿಕೊಂಡು ಕೊನೆಯ ಪುಟಗಳನ್ನು ತೆರೆದು, ಬೆರಳಿಟ್ಟು, ಒಂದೊಂದೇ ಸಾಲು ಓದಿದಳು. ಹೊಡೆದು ಹಾಕಿದ್ದ ಜಾಗ ಬಂದಾಗ ಬೆರಳು ನಿಧಾನವಾಯಿತು. ಕೊನೆಯ ಸಾಲಿಗೆ ಬಂದು ನಿಂತಳು.

"ಸುಖಾಗಮನ ಅಂತ ಇದ್ಯಾರು ಹಾಕಿದ್ದು? ನಾನ್ ಬರ್ದಿಲ್ಲ."

"ಪ್ರೆಸ್ಸಿನೋರು."

"ನೀನು ತಿದ್ದಲಿಲ್ವಾ?"

"ಇಲ್ಲ," ಎಂದೆ. "ತಪ್ಪಾಯ್ತು ಅಕ್ಕ." ಯಾವುದಕ್ಕೆ ಎಂದು ಅವಳು ಕೇಳಲಿಲ್ಲ.

ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟಳು. ಮತ್ತೆ ಮೊರ ಎಳೆದುಕೊಂಡಳು. ನಾನೂ ಒಂದು ಹಿಡಿ ತೆಗೆದುಕೊಂಡು ಸುಲಿಯತೊಡಗಿದೆ.

"ಅವ್ವ ಹೋಗಿ ಇಷ್ಟು ವರ್ಷ ಆಯ್ತು ಕಣೇ," ಎಂದಳು, ಮೊರವನ್ನು ನೋಡುತ್ತಲೇ. "ನಂಗೆ ಇವತ್ತೂ ಹಾರನ್ ಕೇಳಿದ್ರೆ ಎದ್ದು ನೋಡೋ ಚಾಳಿ ಹೋಗಿಲ್ಲ. ಈಗ್ಲೂ ನೋಡ್ದೆ."

ನಾನು ಇನ್ನೊಂದು ಹಿಡಿ ಕಾಯಿ ತೆಗೆದುಕೊಂಡೆ. ವಾಪಸು ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದಳು. ನಾಳೆ ಹೋಗುತ್ತೇನೆ ಎಂದೆ. ನಾಳೆ ಎಂಬ ಪದಕ್ಕೆ ಅವಳು ತಲೆಯೆತ್ತಿ ನನ್ನ ಮುಖವನ್ನು ಚೆನ್ನಾಗಿ ನೋಡಿದಳು, ಸುಳ್ಳೋ ನಿಜವೋ ಎಂದು ನೋಡುವ ಹಾಗೆ. ಆಮೇಲೆ ಮೊರ ಎತ್ತಿಕೊಂಡು ಒಳಗೆ ಹೋದಳು. ಅಚ್ಚನ್ನೂ ಎತ್ತಿಕೊಂಡಳು. ಹಿಂದೆಯೇ ಹೋಗಿ ನೋಡಿದೆ, ಅಡುಗೆಮನೆಯ ಆ ಮೊಳೆ ಇಷ್ಟು ವರ್ಷವಾದರೂ ಖಾಲಿಯೇ ಇತ್ತು.